ಕುದಿಸದ ನಾರು

ಮಾರ್ಚ್ ೧೪, ಭಾನುವಾರ

ನನ್ನ ಮುದ್ದಿನ ತಂಗಿಗೆ,

ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ, ಬೈದುಕೋ. ಬರೆಯಲು ಕೂತರೆ ಕೈ ಒಂದು ಬರೆಯುತ್ತಿತ್ತು, ಮನಸ್ಸು ಇನ್ನೊಂದು ಹೇಳುತ್ತಿತ್ತು. ಮಗು ಬೋರಲು ಬೀಳುತ್ತಿದೆ ಎಂದು ಓದಿ ಕುಣಿದಾಡಿಬಿಟ್ಟೆ. ಮೂಗೊಂದು ನಿನ್ನ ಹಾಗಿರದಿದ್ದರೆ ಸಾಕು!

ನಮ್ಮ ಕಾರ್ಖಾನೆಯಲ್ಲಿ ನನಗೊಂದು ಅನುಮಾನ ಹತ್ತಿದೆ. ಕತ್ತಾಳೆ ನಾರನ್ನು ಸಿಮೆಂಟಿನಲ್ಲಿ ಕಲಸಿ ಸೂರಿನ ಶೀಟು ಮಾಡುತ್ತೇವಲ್ಲ, ಆ ನಾರನ್ನು ಮೊದಲು ಕುದಿಸಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಒಳಗಿನ ಸಿಹಿ ರಸ ಉಳಿದರೆ ಸಿಮೆಂಟು ನಾರನ್ನು ಕಚ್ಚಿಕೊಳ್ಳುವುದಿಲ್ಲ. ಮೊನ್ನೆ ಒಂದು ಶೀಟು ಕೈಜಾರಿ ಬಿದ್ದು ಮುರಿಯಿತು. ಒಳ್ಳೆಯ ಶೀಟಾದರೆ ನಾರೂ ತುಂಡಾಗಬೇಕು. ಇದರಲ್ಲಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಡಿಯಾಗಿ ಈಚೆ ಬಂತು.

ಮೊದಲು ಕಲಸುವವನ ಮೇಲೆ ಕಣ್ಣಿಟ್ಟೆ. ಏನು ಕೇಳಿದರೂ "ಆಮೇಲೆ" ಎನ್ನುವ ಅವನಿಗೆ ನಾವಿಟ್ಟ ಹೆಸರು ಆಮೇಲಪ್ಪ. ಈ ಸಲ ಮಾತ್ರ ಥಟ್ಟನೆ ಹೇಳಿದ: "ನನ್ ಮೇಲ್ಯಾಕೆ ಹಾಕ್ತೀರಕ್ಕಾ? ನಾರು ಕುದಿಸೋದು ನಿಮ್ಮನೆಯವರು. ಅವರು ಕೊಟ್ಟಿದ್ದನ್ನ ಕಲಸ್ತೀನಿ, ಅಷ್ಟೇ."

ಮೈಯೆಲ್ಲ ಉರಿದುಹೋಯಿತು. ಆದರೂ ಹಿಂದಿನ ಚರಂಡಿಗೆ ಹೋಗಿ ನೋಡಿದೆ. ನಾರು ಕುದಿಸಿದ ಕಂದು ನೀರು ಹರಿಯಬೇಕಾದ ಜಾಗ ಒಣಗಿ ಬಣಗುಟ್ಟುತ್ತಿತ್ತು. ಊಟದ ಹೊತ್ತಿಗೆ ನಿನ್ನ ಭಾವನನ್ನು ಕೇಳಿದರೆ, "ಕುದಿಸದೆ ಇರ್ತೀನಾ? ದಿನಾ ಲಾರಿ ಬಂದು ನಿಂತ್ಕೊಳ್ಳುತ್ತೆ, ನಿನ್ನ ಅನುಮಾನ ಬೇರೆ" ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ ಕಣೇ. ಅಂದಿನಿಂದ ಅವರು ಕುಡಿಯಲು ನೀರು ಕೇಳಿದರೂ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ.

ಓದಿದ ತಕ್ಷಣ ನೀನೊಂದು ಕೆಲಸ ಮಾಡು. ನಿನ್ನ ಹೊಸ ಮನೆಗೆ ಹೊದಿಸಿರುವುದೂ ನಮ್ಮ ಶೀಟೇ. ಮಿಕ್ಕಿದ ತುಂಡೊಂದು ಅಂಗಳದಲ್ಲಿ ಬಿದ್ದಿರಬೇಕು, ಅದನ್ನು ಮುರಿದು ನೋಡು. ನಾರು ತುಂಡಾದರೆ ಅಕ್ಕನಿಗೆ ಹುಚ್ಚು ಎಂದು ಬರೆ, ಖುಷಿಯಿಂದ ಬೈಸಿಕೊಳ್ಳುತ್ತೇನೆ. ಇಡಿಯಾಗಿ ಕಿತ್ತು ಬಂದರೆ, ಸಾಮಾನು ಗೀಮಾನು ನೋಡಬೇಡ, ಮಗುವನ್ನೆತ್ತಿಕೊಂಡು ನಿನ್ನತ್ತೆಯ ಮನೆಗೆ ಹೋಗಿಬಿಡು.

ನಿನ್ನ ಯಜಮಾನರಿಗೆ ನಮಸ್ಕಾರ. ಮಗು ನೂರು ಕಾಲ ಸುಖವಾಗಿರಲಿ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಲು ಹೋದವಳು ಮತ್ತೆ ತೆಗೆದೆ. ನಿನ್ನ ಶೀಟುಗಳನ್ನು ಲಾರಿಗೆ ಹಾಕಿಸಿದ ದಿನ ನಿನ್ನ ಭಾವ, "ತೊಟ್ಟಿಲು ನಡುಮನೆಯಲ್ಲಿ ಬೇಡ, ಗೋಡೆ ಪಕ್ಕ ಇಟ್ಕೊಳ್ಳೋಕೆ ಹೇಳು" ಎಂದಿದ್ದರು. ಮಗುವಿನ ಮೇಲೆ ಎಷ್ಟು ಅಕ್ಕರೆ ಎಂದು ಅವತ್ತು ನನ್ನ ಕಣ್ಣು ತುಂಬಿತ್ತು. ಅವರಿಗೆ ಗೊತ್ತಿತ್ತು ಕಣೇ.