ಖಾಲಿ ಹೋಗಬಾರದ ಡಬ್ಬಿ

ಹಿಲ್ಸ್‌ಬರೋ
ರವಿವಾರ, ಅಕ್ಟೋಬರ್ ೧೯, ೨೦೨೫

ಮುದ್ದಿನ ಬಸು,

ನಿನಗೆ ನಿನ್ನ ಅವ್ವನ ತುಂಬು ಆಶೀರ್ವಾದ. ಅಪ್ಪನ ಬಿ.ಪಿ. ಹತೋಟಿಯಲ್ಲಿದೆ. ನಿನ್ನ ತಂಗಿ ಸ್ಮಿತಾ ಹೊಸ ಕೆಲಸಕ್ಕೆ ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ, ಬಂದೊಡನೆ ಸೋಫಾದ ಮೇಲೆ ಬೀಳುತ್ತಾಳೆ. ನಾನೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ.

ಈ ಪತ್ರ ಎರಡು ವಾರದ ಹಿಂದೆಯೇ ನಿನಗೆ ಮುಟ್ಟಬೇಕಿತ್ತು. ನಾಲ್ಕು ಸಲ ಶುರು ಮಾಡಿ ಹರಿದು ಹಾಕಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಆಸ್ಪತ್ರೆಯ ಕಾರಿಡಾರಿನಿಂದ "ಕ್ವಿಕ್ಕಾಗಿ ಹೇಳು, ಅವ್ವ" ಅನ್ನುತ್ತೀ. ಇಂಗ್ಲಿಷಿನಲ್ಲಿ ಬರೆದರೆ ಒಂದೇ ನಿಮಿಷಕ್ಕೆ ಓದಿ ಮುಗಿಸುತ್ತೀ. ಕನ್ನಡವಾದರೆ ಭಾನುವಾರದ ಕನ್ನಡ ಕ್ಲಾಸಿನಲ್ಲಿ ಕಲಿತಂತೆ ಅಕ್ಷರ ಕೂಡಿಸಿಕೊಂಡು ಓದಬೇಕು. ಕೊನೆ ಮುಟ್ಟುವಷ್ಟರಲ್ಲಿ ನಿನ್ನ ಸಿಟ್ಟಿನ ಜೊತೆ ಸ್ವಲ್ಪ ಕನಿಕರವೂ ಸೇರಲಿ ಎಂಬ ದುರಾಸೆ ನನ್ನದು. ಒಂದು ತಪ್ಪು ಒಪ್ಪಿಕೊಳ್ಳುವುದಿದೆ, ಬಸು. ಧೈರ್ಯ ಬರುವ ತನಕ ನಿನ್ನ ಬೇಸ್‌ಬಾಲ್ ಕೋಚ್ ಪಲಾಡಿನೊ ಅವರ ಸುದ್ದಿ ಹೇಳುತ್ತೇನೆ.

ಅವರು ತೀರಿಕೊಂಡರೆಂದು ನಾನು ಫೋನ್ ಮಾಡಿದಾಗ ನೀನು "ಮಾಮ್, ಹೀ ಡ್ರಾಪ್ಡ್ ಮಿ. ಐಯಾಮ್ ನಾಟ್ ಕಮಿಂಗ್" ಅಂದೆ. ಒಂಬತ್ತು ವರ್ಷದಿಂದ ನೀನು ಅವರ ಹೆಸರೆತ್ತಿಲ್ಲ. ಅಂದೇ ಬಾಯಿ ಬಿಡಬೇಕಿತ್ತು. "ಹೋಗಲಿ ಬಿಡು, ಊಟ ಆಯ್ತಾ?" ಎಂದು ಕೇಳಿದೆ.

ನಾನು, ನಿನ್ನ ಅಪ್ಪ ಅಂತ್ಯಕ್ರಿಯೆಗೆ ಹೋಗಿದ್ದೆವು. ಮೂವತ್ತೊಂದು ವರ್ಷಗಳಲ್ಲಿ ಅವರು ಆಡಿಸಿದ ಹುಡುಗರೆಲ್ಲ ಸೇರಿದ್ದರು, ನಿನ್ನ ಕಾಲದವರೂ ಇದ್ದರು, ಕೆಲವರಿಗೆ ತಲೆ ಬೋಳಾಗಿದೆ. ಗೋಡೆಯ ಮೇಲೆ 'ವಿನ್ಸ್ ಪಲಾಡಿನೊ' ಎಂದು ಬರೆದ ಅವರ ಹರೆಯದ ಫೋಟೋ ಇತ್ತು. ಸಣ್ಣ ಊರುಗಳ ತಂಡಗಳಲ್ಲಿ ಆಡುತ್ತ ಆರು ವರ್ಷ ಬಸ್ಸಿನಲ್ಲಿ ಊರೂರು ಸುತ್ತಿದ್ದರಂತೆ. ಒಮ್ಮೆ ದೊಡ್ಡ ತಂಡದಿಂದ ಕರೆ ಬಂದು, ಹನ್ನೊಂದು ದಿನ ಅವರ ಬೆಂಚಿನ ಮೇಲೆ ಕೂತು, ಒಂದು ಚೆಂಡನ್ನೂ ಎಸೆಯದೆ ವಾಪಸ್ಸು ಬಂದರಂತೆ. ಆಮೇಲೆ ಭುಜ ಹೋಯಿತು. ಹೆಂಡತಿ ಡೋರೀನ್ ಇದನ್ನು ಹೇಳುತ್ತ ನಕ್ಕರು: "ತನಗೆ ಆಡಲು ಸಿಗದ ಆ ಹನ್ನೊಂದು ದಿನಗಳನ್ನು ಯಾವುದಾದರೂ ಹುಡುಗನಿಗೆ ಆಡಿಸಬೇಕು ಅಂತ ಮೂವತ್ತೊಂದು ವರ್ಷ ಒದ್ದಾಡಿದ."

ನನಗೆ ತಡೆಯಲಾಗಲಿಲ್ಲ. ಅಪ್ಪ ಮೆಲ್ಲಗೆ, "ಯಾಕ ಇಷ್ಟು ಅಳಾಕ ಹತ್ತೀದಿ? ನಿನಗ ಆ ಆಟದ ಗಂಧಾನೂ ಗೊತ್ತಿಲ್ಲಲ್ಲ" ಅಂದರು.

ಸ್ಮಶಾನದಲ್ಲಿ ಎಲ್ಲರ ಕೈಗೂ ಒಂದೊಂದು ಗುಲಾಬಿ ಕೊಟ್ಟರು. ನಮ್ಮಲ್ಲೂ ಮಣ್ಣಿಗೇ ಕೊಡುವುದಲ್ಲವೇ. ಹೂವಿನ ಜೊತೆ ಒಂದು ಹಿಡಿ ಮಣ್ಣನ್ನೂ ಹಾಕಿದೆ. ಹಾಕುವ ಅರ್ಹತೆ ನನಗಿತ್ತೋ ಇಲ್ಲವೋ ನೀನೇ ಹೇಳಬೇಕು.

ನಿನಗೆ ನನ್ನ ಸ್ಟೀಲಿನ ಡಬ್ಬಿ ನೆನಪಿದೆಯಾ? ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ 'ಪಂಕಜಾ' ಎಂದು ನನ್ನ ಹೆಸರು ಕೊರೆಸಿದ್ದು? ಕೋಚ್ ಮೊದಲ ಸಲ ನಿನ್ನನ್ನು ಮನೆಗೆ ಬಿಟ್ಟ ದಿನ ಅದರ ತುಂಬ ಹೋಳಿಗೆ ಕೊಟ್ಟಿದ್ದೆ. ಮರುವಾರ ಫಳಫಳ ತೊಳೆದು ಖಾಲಿ ತಂದುಕೊಟ್ಟರು. "ನಮ್ಮಲ್ಲಿ ಡಬ್ಬಿ ಖಾಲಿ ವಾಪಸ್ಸು ಕೊಡುವುದಿಲ್ಲ ಕೋಚ್, ಚಿಟಿಕೆ ಸಕ್ಕರೆಯಾದರೂ ಹಾಕಬೇಕು" ಎಂದು ತಮಾಷೆ ಮಾಡಿದೆ. ಪಾಪ, ಮುಖ ಕೆಂಪಾಯಿತು. ಆಮೇಲೆ ಒಮ್ಮೆಯೂ ತಪ್ಪಲಿಲ್ಲ. ಹಿತ್ತಲಿನ ಟೊಮ್ಯಾಟೊ ಬಂತು, ಮೆಣಸಿನಕಾಯಿ ಬಂತು. ಚಳಿಗಾಲದಲ್ಲಿ ಏನೂ ಬೆಳೆಯದಿದ್ದಾಗ ಆಟಗಾರರು ಅಗಿದು ಉಗಿಯುವ ಸೂರ್ಯಕಾಂತಿ ಬೀಜ ತುಂಬಿ ತಂದರು. ನೀನು ಬಿದ್ದು ಬಿದ್ದು ನಕ್ಕಿದ್ದೆ. ನಿನ್ನನ್ನು ಬಸವಪ್ರಸಾದ್ ಎಂದು ಪೂರ್ತಿ ಹೆಸರಿನಿಂದ ಕರೆಯುತ್ತಿದ್ದ ಅಮೆರಿಕನ್ ಅವರೊಬ್ಬರೇ.

ಹನ್ನೊಂದನೇ ಕ್ಲಾಸು ಮುಗಿದ ಜೂನಿನಲ್ಲಿ ಒಂದು ಸಂಜೆ ಒಬ್ಬರೇ ಬಂದರು. ಶಾಲೆಯಿಂದ ರಿಟೈರ್ ಆಗಿದ್ದರು, ಬೇಸಿಗೆಯ ತಂಡ ಕಟ್ಟುತ್ತಿದ್ದರು. ನೀನು ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆಯ ಕ್ಲಾಸಿಗೆ ಹೋಗಿದ್ದೆ. ಆ ತಂಡಕ್ಕೆ ನಿನ್ನ ಬದಲು ನಿನ್ನ ಜೊತೆ ಆಡುತ್ತಿದ್ದ ಸುಮೀತ್‌ನನ್ನು ಆರಿಸಿದರೆಂದು ನಾನು ನಿನಗೆ ಹೇಳಿದ ಸಂಜೆಯೇ ಅದು. ಹೊರಡುವಾಗ ಡಬ್ಬಿಯಲ್ಲಿ ಚಕ್ಕುಲಿ ತುಂಬಿ ಕೊಟ್ಟೆ. ಡಬ್ಬಿ ಮತ್ತೆ ಬರಲಿಲ್ಲ. ಬಾರದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ.

ಮಣ್ಣು ಮುಗಿಸಿ ಅವರ ಮನೆಗೆ ಹೋದಾಗ ಡೋರೀನ್ ಅದೇ ಡಬ್ಬಿಯನ್ನು ತಂದು ನನ್ನ ಕೈಗಿಟ್ಟರು. "ನಾನು ಎಷ್ಟು ಸಲ ಟೊಮ್ಯಾಟೊ ತುಂಬಿಟ್ಟರೂ ವಿನ್ಸ್ ತೆಗೆದುಬಿಡುತ್ತಿದ್ದ. ಇದರಲ್ಲಿ ಹೋಗಬೇಕಾದದ್ದು ಬೇರೆ, ಅದಕ್ಕೆ ಇನ್ನೂ ಹೊತ್ತು ಬಂದಿಲ್ಲ ಅನ್ನುತ್ತಿದ್ದ" ಅಂದರು. ಆಮೇಲೆ ದನಿ ಇಳಿಸಿ, "ಬಸವಪ್ರಸಾದ್ ಆಟ ಯಾಕೆ ಬಿಟ್ಟ ಅಂತ ನಿಮಗೇನಾದರೂ ಹೇಳಿದನಾ? ತಾನೇ ಹುಡುಗನಿಗೆ ಅತಿ ಒತ್ತಡ ಹಾಕಿದೆ ಅಂತ ವಿನ್ಸ್ ಕೊನೆಯವರೆಗೂ ಕೊರಗಿದ" ಎಂದು ಕೇಳಿದರು. ನನ್ನ ಬಾಯಲ್ಲಿ ಅವರೇ ಕೊಟ್ಟ ಕುಕ್ಕಿ ಇತ್ತು. ಇಲ್ಲ ಎಂದು ತಲೆಯಾಡಿಸಿದೆ.

ಮನೆಗೆ ಬಂದು ತೆರೆದೆ. ಒಳಗೆ ಒಂದು ಚೆಂಡಿದೆ, ಅದರ ಮೇಲೆ ಶಾಯಿಯಲ್ಲಿ ತಾರೀಖು ಬರೆದಿದೆ. ಈಸ್ಟ್ ಬ್ರನ್ಸ್‌ವಿಕ್ ತಂಡದ ಮೇಲೆ ನೀನು ಹದಿನಾಲ್ಕು ಜನರನ್ನು ಔಟ್ ಮಾಡಿದ ದಿನದ್ದು. ಡಬ್ಬಿಯ ಸಮೇತ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ. ಪತ್ರ ಪೂರ್ತಿ ಓದದೆ ತೆರೆಯಬೇಡ.

ದೀಪಾವಳಿಗೆ ಮಾಡಿದ ಕರ್ಚಿಕಾಯಿ ಬೇರೆ ಪೊಟ್ಟಣದಲ್ಲಿದೆ. ನಿನ್ನ ಜೊತೆಯ ಡಾಕ್ಟರುಗಳಿಗೂ ಕೊಡು. ಕ್ಲೀವ್‌ಲ್ಯಾಂಡಿನಲ್ಲಿ ಆಗಲೇ ಚಳಿ ಶುರುವಾಗಿದೆಯಂತೆ, ದಪ್ಪ ಜಾಕೆಟ್ ಹಾಕಿಕೋ. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಗುಣವಾಗಲಿ, ನೂರು ಕಾಲ ಬಾಳು ಮಗನೇ.

ನಿನ್ನ
ಅವ್ವ

ತಾ.ಕ.: ಕೋಚ್ ಆ ಸಂಜೆ ಬಂದದ್ದು ನಿನ್ನನ್ನು ಕೈಬಿಡಲು ಅಲ್ಲ. ಬೇಸಿಗೆಯ ತಂಡಕ್ಕೆ ನೀನೇ ಮುಖ್ಯ ಪಿಚರ್, ನಿನ್ನ ಆಟ ನೋಡಲು ಎರಡು ಕಾಲೇಜಿನ ಕೋಚ್‌ಗಳು ಬರುತ್ತಾರೆ ಎಂದು ಹೇಳಲು ಬಂದಿದ್ದರು. ಖುಷಿಗೆ ಅವರ ಕೈಯಲ್ಲಿದ್ದ ಚಹಾ ತುಳುಕುತ್ತಿತ್ತು. ಪ್ರಿನ್ಸ್‌ಟನ್‌ನ ಲ್ಯಾಬಿನಲ್ಲಿ ನಿನಗೆ ಬೇಸಿಗೆಯ ಸೀಟು ಸಿಕ್ಕು ಒಂದು ವಾರವಾಗಿತ್ತು. ಕೇಳಿದರೆ ನೀನು ಆಟವನ್ನೇ ಆರಿಸುತ್ತೀ ಎಂದು ನನಗೆ ಗೊತ್ತಿತ್ತು. "ಅವನಿಗೆ ಆಟ ಸಾಕಾಗಿದೆ, ನಿಮ್ಮ ಎದುರು ಹೇಳಲು ನಾಚಿಕೆ, ದಯವಿಟ್ಟು ಅವನನ್ನು ಕೇಳಬೇಡಿ" ಎಂದುಬಿಟ್ಟೆ. ನಿನಗೆ ಸುಮೀತ್‌ನ ಸುಳ್ಳು ಹೇಳಿದೆ. ನೀನು ಜರ್ಸಿ ಮಡಚಿ ಸ್ಮಿತಾಳ ಕೈಯಲ್ಲಿ ಅವರ ಮನೆಗೆ ಕಳಿಸಿದೆ, ಅವರಿಗೆ ನನ್ನ ಮಾತು ನಿಜವೆನಿಸಿತು. ಕೊಟ್ಟ ಮಾತಿನಂತೆ ಅವರು ನಿನ್ನನ್ನು ಒಮ್ಮೆಯೂ ಕೇಳಲಿಲ್ಲ. ಮಗ ಡಾಕ್ಟರಾದನಲ್ಲ, ನನ್ನದೇನು ತಪ್ಪು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ.

ಅಪ್ಪನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವರು ಇನ್ನೂ ನನ್ನ ಜೊತೆ ಮಾತಾಡಿಲ್ಲ. ಶನಿವಾರ ಡೋರೀನ್ ಮನೆಗೆ ಹೋಗಿ ಹೇಳುತ್ತೇನೆ.

ಚೆಂಡಿನ ಕೆಳಗೆ ಕೋಚ್ ಬರೆದಿಟ್ಟ ಚೀಟಿಯಿದೆ: "ಬಸವಪ್ರಸಾದ್‌ಗೆ. ಮತ್ತೆ ಆಡಬೇಕು ಅನ್ನಿಸಿದ ದಿನ ಕೊಡಿ."

ಡಬ್ಬಿಯನ್ನು ಮಾತ್ರ ವಾಪಸ್ಸು ಕಳಿಸು, ಬಸು. ಖಾಲಿ ಕಳಿಸಿದರೂ ನಾನು ಏನೂ ಅನ್ನುವುದಿಲ್ಲ.