ಸೀಗಡಿ ಕೋಣೆಯ ಹಂಗಾಮಿ ದೊರೆ

ಸೀಗಡಿ ಕೋಣೆ,
ಮಂಗಳವಾರ ಮಧ್ಯಾಹ್ನ

ತೀರ್ಥರೂಪು ಮಾತೃಶ್ರೀಯವರ ಪಾದಗಳಿಗೆ ನಿಮ್ಮ ಕಿರಿಯ ಮಗನ ಸಾಷ್ಟಾಂಗ ನಮಸ್ಕಾರಗಳು. ನೆಲ ಒದ್ದೆಯಿರುವುದರಿಂದ ನಮಸ್ಕಾರವನ್ನು ಮನಸ್ಸಿನಲ್ಲೇ ಮಾಡಿದ್ದೇನೆ.

ಗೌರವ ಇಷ್ಟು ಸಾಕು, ಇನ್ನು ಮುಂದೆ 'ನೀನು'. ಕಾಗದ ತಡವಾದದ್ದಕ್ಕೆ ಕ್ಷಮೆಯಿರಲಿ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ, ಅದು ಇಳಿಯಲಿಲ್ಲ. ಅಲ್ಲದೆ, ಅಕ್ಕನ ಹೆರಿಗೆಗೆಂದು ಹೊರಟಾಗ "ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ ಕಣೋ" ಅಂದವಳು ತಿಂಗಳು ಕಳೆದರೂ ಬಂದಿಲ್ಲ. ನಿನ್ನ ತಡದ ಮುಂದೆ ನನ್ನದು ಯಾವ ಲೆಕ್ಕ?

ನೀನು ಬಿಟ್ಟುಹೋದ ಸೀಗಡಿ ತೊಟ್ಟಿಗಳಿಗೆಲ್ಲ ಈಗ ನಾನೇ ಹಂಗಾಮಿ ದೊರೆ. ಅಪ್ಪ ನನ್ನ ಮಂತ್ರಿ, ಸೇನಾಪತಿ ಮತ್ತು ಸಮುದ್ರದ ನೀರು ಹೊರುವ ಆಳು. ಉಗುರಿನುದ್ದದ ಪ್ರಜೆಗಳು ಸುಖವಾಗಿದ್ದಾರೆ. ಗಾಜಿನಂಥ ಮೈ ನೋಡು, ಕಿತ್ತಳೆ ಬಣ್ಣದ ಮೇವು ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಒಬ್ಬೊಬ್ಬರ ಹೊಟ್ಟೆಯಲ್ಲೂ ಕಿತ್ತಳೆ ಚುಕ್ಕೆ ಕಾಣುತ್ತದೆ. ದೇವರು ನನಗೆ ಅಂಥ ಮೈ ಕೊಡದಿದ್ದದ್ದು ಒಳ್ಳೆಯದಾಯಿತು. ನಿನ್ನ ಮೊಮ್ಮಗನ ಫೋಟೋ ಬಂದಾಗಲೆಲ್ಲ ನನ್ನ ಹೊಟ್ಟೆಯೊಳಗೆ ಏನು ಉರಿಯುತ್ತದೆಂದು ಅಪ್ಪನಿಗೂ ಕಂಡುಬಿಡುತ್ತಿತ್ತು.

ಮಗುವಿನ ಮೇಲೆ ನನಗೆ ವೈಯಕ್ತಿಕ ದ್ವೇಷವಿಲ್ಲ. ಆದರೆ ಅವನ ಸಾಧನೆಯಾದರೂ ಏನು? ಹಾಲು ಕುಡಿದ, ತೇಗಿದ. ನಾನೂ ಈಗಷ್ಟೇ ಊಟ ಮಾಡಿ ತೇಗಿದೆ, ಯಾರೂ ಫೋಟೋ ತೆಗೆಯಲಿಲ್ಲ. "ನನ್ನ ನೋಡಿ ನಕ್ಕ ಕಣೋ!" ಅಂತ ನೀನು ಫೋನಿನಲ್ಲಿ ಕುಣಿದಾಡಿದೆ. ಅದು ನಗುವಲ್ಲ, ಹೊಟ್ಟೆಯೊಳಗಿನ ಗಾಳಿ ಎಂದು ನಾನು ಸತ್ಯ ನುಡಿದದ್ದಕ್ಕೆ ಅಕ್ಕ ಫೋನ್ ಕಿತ್ತುಕೊಂಡು, "ಲೋ, ಮೀಸೆ ಬಂದಿದೆ ನಿಂಗೆ, ಎಳೇ ಕೂಸಿನ ಜೊತೆ ಜಗಳಕ್ಕೆ ನಿಲ್ತೀಯಲ್ಲೋ!" ಎಂದು ಬೈದಳು. ಸೇಡಿಗಾಗಿ ಮರಿಗಳ ತೊಟ್ಟಿಗೆ 'ಅಳಿಯಂದಿರ ಅರಮನೆ' ಎಂದು ಬೋರ್ಡು ಬರೆದು ಅಂಟಿಸಿದೆ.

"ಇದೇನೋ ಇದು?" ಅಂದರು ಅಪ್ಪ.

"ನಮ್ಮೋರೇ ಅಪ್ಪಾ. ಇವ್ರೂ ತಿನ್ನೋದು ಬಿಟ್ಟು ಬೇರೇನೂ ಮಾಡಲ್ಲ."

ಈಗ ರಾಜಕಾರ್ಯ. ಮೀನು ಪ್ರದರ್ಶನಾಲಯದಲ್ಲಿ ಕಡಲಕುದುರೆಗಳನ್ನು ನೋಡಿಕೊಳ್ಳುವ ಮೇಡಂ ಸೀಗಡಿ ಒಯ್ಯಲು ಈ ಭಾನುವಾರ ಬರುತ್ತಾರೆ. ಆ ಕಡಲಕುದುರೆಗಳಿಗೆ ಎಷ್ಟು ಸೊಕ್ಕೆಂದರೆ ಜೀವಂತ ಸೀಗಡಿ ಬಿಟ್ಟು ಬೇರೇನನ್ನೂ ಮೂಸುವುದಿಲ್ಲ. ಈ ಸಲ ಕೊಡುವುದು ಮೊದಲಿನಿಂದ ಕೊನೆಯವರೆಗೆ ನಾನೊಬ್ಬನೇ ಸಾಕಿದ ಸೀಗಡಿ. "ಆವತ್ತು ನಾನು ಪಕ್ಕದಲ್ಲೇ ಇರ್ತೀನಿ, ಹೆದರಬೇಡ" ಅಂದವಳು ನೀನೇ.

ಆದರೆ ಇರಬೇಕಾದಷ್ಟು ಸೀಗಡಿ ಇಲ್ಲ. ತಾಯಿ ಸೀಗಡಿಯ ಹೊಟ್ಟೆಚೀಲದಿಂದ ಹೊರಬಿದ್ದ ಮರಿಗಳನ್ನು ತಕ್ಷಣ ಬೇರೆ ತೊಟ್ಟಿಗೆ ತೆಗೆಯಬೇಕು, ಇಲ್ಲದಿದ್ದರೆ ಹಸಿದ ದೊಡ್ಡವು ನುಂಗಿಬಿಡುತ್ತವೆ ಎಂದು ಕಲಿಸಿದವಳು ನೀನು. ಎರಡು ವಾರದ ಹಿಂದೆ ಅದನ್ನೇ ಮಾಡುತ್ತಿದ್ದಾಗ ನಿನ್ನ ವಿಡಿಯೋ ಕಾಲ್ ಬಂತು. ಮರಿ ಹೀರಿ ತೆಗೆಯುವ ಗಾಜಿನ ಕೊಳವೆ ಕೆಳಗಿಟ್ಟು, ಫೋನನ್ನು ತೊಟ್ಟಿಯ ಮೇಲೆ ಹಿಡಿದು, "ಅಮ್ಮಾ, ನೋಡು, ನನ್ನ ಮರಿಗಳು!" ಅಂದೆ.

"ತಡಿಯೋ, ಮಗು ಅಳ್ತಿದೆ" ಎಂದು ನೀನು ಫೋನನ್ನು ಮಂಚದ ಮೇಲಿಟ್ಟು ಹೋದೆ.

ಆಮೇಲೆ ನನಗೆ ಕಂಡದ್ದು ಅಕ್ಕನ ಮನೆಯ ಫ್ಯಾನು. ಈಗ ಬರುತ್ತೀಯ, ಈಗ ಬರುತ್ತೀಯ ಎಂದು ಅದನ್ನೇ ನೋಡುತ್ತ ಕೂತೆ. ಒಂದು ರೆಕ್ಕೆ ಸೊಟ್ಟಗಿದೆ, ಭಾವನಿಗೆ ಹೇಳು. ಕೊನೆಗೆ ತೊಟ್ಟಿಯ ಕಡೆ ತಿರುಗಿದಾಗ ಮರಿಗಳು ಅರ್ಧಕ್ಕರ್ಧ ಖಾಲಿ.

"ನಿಮ್ಮಮ್ಮ ಇದ್ದಿದ್ರೆ..." ಅಂದರು ಅಪ್ಪ.

"ನಾನೂ ಅದನ್ನೇ ಹೇಳ್ತಿರೋದು ಅಪ್ಪಾ" ಅಂದೆ.

ಉಳಿದವನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದೇನೆ. ಈಗ ಅವೂ ದೊಡ್ಡವಾಗಿ, ಹೊಟ್ಟೆ ತುಂಬ ಕಿತ್ತಳೆ ಹೊತ್ತು ಮೆರೆಯುತ್ತಿವೆ. ಮೇಡಂಗೆ ಸಾಕಾಗುತ್ತವೋ ಇಲ್ಲವೋ, ನೀನು ಬಂದು ಒಂದು ಸಲ ನೋಡು.

ಅಳಿಯನಿಗೆ ಸೋದರಮಾವನ ಆಶೀರ್ವಾದಗಳು. ಬೇಗ ಹಲ್ಲು ಬರಲಿ, ಬೇಗ ಕಾಲು ಬರಲಿ, ಅಜ್ಜಿಯ ಸೆರಗು ಬಿಡುವ ಬುದ್ಧಿ ಎಲ್ಲಕ್ಕಿಂತ ಬೇಗ ಬರಲಿ.

ಇಂತಿ ನಿನ್ನ,
(ಹೆಸರಿನ ಜಾಗ ಸದ್ಯಕ್ಕೆ ಖಾಲಿ)

ತಾ.ಕ.: ಮರಿಗಳು ಹೋದದ್ದಕ್ಕೆ ಫ್ಯಾನು ಕಾರಣವಲ್ಲ. ಫ್ಯಾನಿನ ಸದ್ದಿನ ನಡುವೆ ನಿನ್ನ ದನಿ ಕೇಳಿಸಿತು: "ಬಂದೆ, ಬಂದೆ. ಅಳಬೇಡ್ವೋ ನನ್ನ ಚೋಟುರಾಯ." ನನ್ನ ತಲೆ ಬಾಗಿಲ ಮೇಲ್ಪಟ್ಟಿಗೆ ತಾಗುವಷ್ಟು ಬೆಳೆದ ಮೇಲೂ ನೀನು ಹಾಗೆ ಕರೆಯುತ್ತಿದ್ದದ್ದು ನನ್ನೊಬ್ಬನನ್ನೇ. ಅಭ್ಯಾಸಬಲ, "ಇಲ್ಲೇ ಇದೀನಿ ಅಮ್ಮಾ, ಅಳ್ತಿಲ್ಲ" ಅಂದುಬಿಟ್ಟೆ. ನಿನಗೆ ಕೇಳಿಸಲಿಲ್ಲ. ಅಲ್ಲಿ ಅಳು ನಿಂತಿತು, ಅವನದು.

ಭಾನುವಾರ ಬಂದು, ಮೇಡಂ ಎದುರಿಗಾದರೂ ಸರಿಯೇ, ಆ ಹೆಸರಿನಿಂದ ನನ್ನನ್ನು ಒಂದು ಸಲ ಕರೆ. ಆಮೇಲೆ ಬೇಕಾದರೆ ಅವನಿಗೇ ಕೊಡು, ನನಗೆ ಗಿಡ್ಡವಾದ ಅಂಗಿ ಕೊಟ್ಟ ಹಾಗೆ.