ಗಾಲಿಕುರ್ಚಿ ಹಿಡಿಸದ ಒಂದು ಐತಿಹಾಸಿಕ ಬಾಗಿಲು

ಕೌಂಟಿಯ ಚಾರಿತ್ರಿಕ ಸ್ಮಾರಕ ಆಯೋಗದ ಅಧ್ಯಕ್ಷರ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಗಂಡ ಎಲ್ಡನ್ ಒಂದು ವರ್ಷದಿಂದ ನಿಮ್ಮ ಸ್ಮಾರಕದೊಳಗೆ ಸಿಕ್ಕಿಕೊಂಡಿದ್ದಾನೆ. ಮನೆ ನಮ್ಮದು, ತೆರಿಗೆ ಕಟ್ಟುವವರು ನಾವು, ಸೂರು ಸೋರಿದರೆ ಪಾತ್ರೆ ಇಡುವವಳು ನಾನು. ಬಾಗಿಲು ಮಾತ್ರ ನಿಮ್ಮದಂತೆ. ಆ ಬಾಗಿಲಲ್ಲಿ ಅವನ ಗಾಲಿಕುರ್ಚಿ ಹಿಡಿಸುವುದಿಲ್ಲ. ನಾಲ್ಕು ಬೆರಳು ಅಗಲ ಮಾಡಿ, ಮೆಟ್ಟಿಲಿನ ಮೇಲೆ ಹಲಗೆಯ ಇಳಿಜಾರು ಹಾಕಿಕೊಳ್ಳುತ್ತೇವೆ ಎಂದು ಕೇಳಿದ್ದಕ್ಕೆ, ಬಾಗಿಲಿನ ಅಳತೆಯು ಕಟ್ಟಡದ ಚಾರಿತ್ರಿಕ ಸ್ವರೂಪದ ಅವಿಭಾಜ್ಯ ಅಂಗವಾಗಿದೆ ಎಂದು ನಿಮ್ಮ ಕಚೇರಿ ಉತ್ತರಿಸಿತು. ಅದರ ಒಳಗಿರುವ ಮನುಷ್ಯ ಯಾವುದರ ಅಂಗ ಎಂಬುದನ್ನು ತಿಳಿಸುವ ಕೃಪೆ ಮಾಡಲಿಲ್ಲ.

ಹೋದ ವರ್ಷ ದನಗಳು ಕರು ಹಾಕುವ ಕಾಲದಲ್ಲಿ ಒಂದು ಹಸು ಕೊಟ್ಟಿಗೆಯೊಳಗೆ ಎಲ್ಡನ್‌ನನ್ನು ಗೋಡೆಗೆ ಒತ್ತಿಹಿಡಿಯಿತು. ಕರು ಬದುಕಿತು, ಹಸು ಬದುಕಿತು, ಎಲ್ಡನ್‌ನ ಸೊಂಟದಿಂದ ಕೆಳಗಿನದು ಹೋಯಿತು. ಅದಕ್ಕೆ ನೀವು ಹೊಣೆಯಲ್ಲ, ಹಸುವೂ ಅಲ್ಲ. ಆದರೆ ಅವನು ಆಸ್ಪತ್ರೆಯಿಂದ ಬಂದ ದಿನ ನಮ್ಮಂತೆಯೇ ದನ ಸಾಕುವ ಪಕ್ಕದ ರಾಂಚಿನ ರೂಫಸ್ ಮತ್ತು ಅವನ ತಮ್ಮ ಸೇರಿ ಅವನನ್ನು ಹೊಸ್ತಿಲು ದಾಟಿಸಿ ಒಳಗೆ ತಂದರಲ್ಲ, ಅಲ್ಲಿಂದ ಮುಂದಿನದಕ್ಕೆಲ್ಲ ನೀವೇ ಹೊಣೆ.

ನಿಮ್ಮ ಕಚೇರಿಯಿಂದ ಪರಿಶೀಲನೆಗೆ ಒಬ್ಬ ಯುವಕ ಬಂದಿದ್ದ. ಒಳ್ಳೆಯವನೇ, ಕಾಫಿ ಕೊಟ್ಟರೆ ಕುಡಿದ. ಬಾಗಿಲನ್ನು ಅಳೆದ, ಕುರ್ಚಿಯನ್ನು ಅಳೆದ, ತಲೆ ಕೆರೆದುಕೊಂಡ.

"ಇಳಿಜಾರು ಬೇಕಾದ್ರೆ ಹಾಕ್ಕೊಳ್ಳಿ ಮೇಡಂ. ರಸ್ತೆಯಿಂದ ಕಾಣಬಾರ್ದು, ಅಷ್ಟೆ," ಅಂದ.

"ಸುತ್ತ ಎಲ್ಲಾದ್ರೂ ಒಂದು ಮರ ಇದೆಯೇನಪ್ಪ? ಇಲ್ಲಿ ನಮ್ಮ ಕೋಳಿ ಮೊಟ್ಟೆ ಇಟ್ರೂ ರಸ್ತೆಗೆ ಕಾಣತ್ತೆ," ಅಂದೆ.

"ಹಾಗಾದ್ರೆ ಸ್ವಲ್ಪ ಸಪೂರದ ಕುರ್ಚಿ ಸಿಗಲ್ವಾ?"

ಒಳಗಿನಿಂದ ಎಲ್ಡನ್ ಕೂಗಿದ: "ಕುರ್ಚಿ ಸಿಗತ್ತೆ ಕಣಪ್ಪ. ಸಪೂರದ ಎಲ್ಡನ್ ಎಲ್ಲಿ ಸಿಗ್ತಾನೆ?"

ಹಿತ್ತಿಲ ಬಾಗಿಲಿಲ್ಲವೇ ಎಂದು ನೀವು ಕೇಳಬಹುದು. ಇದೆ, ಅದೂ ಧಾರಾಳ ಅಗಲದ್ದು. ಆದರೆ ಅದನ್ನು ತೆರೆದರೆ ಒಂದು ಹೆಜ್ಜೆಗೆ ರೈಲ್ವೆಯ ಬೇಲಿ, ಬೇಲಿಯ ಆಚೆ ಹಳಿಗೆಂದು ಕಡಿದ ಕಂದಕ. ಕಲ್ಲಿದ್ದಲಿನ ಗಾಡಿಗಳು ಅಲ್ಲಿ ನಿಲ್ಲದೆ ಹೋಗುತ್ತವೆ. ಮನೆ ಬಿಟ್ಟು ಬೇರೆ ಕಡೆ ಹೋಗೋಣವೆಂದರೆ, ಒಂದು ಮೊಳೆ ಹೊಡೆಯಲೂ ಆಯೋಗದ ಅಪ್ಪಣೆ ಬೇಕಾದ ಮನೆಯನ್ನು ಕೊಳ್ಳುವ ಹುಚ್ಚರು ಯಾರು? ಹಿಂದೆ ರೈಲು, ಮುಂದೆ ಇತಿಹಾಸ, ನಡುವೆ ನಾವಿಬ್ಬರು.

ಕಿಟಕಿಯೊಂದು ಉಳಿದಿತ್ತು. ಮೊದಮೊದಲು ಎಲ್ಡನ್ ಅಲ್ಲಿ ಕುಳಿತು ರಸ್ತೆ ನೋಡುತ್ತಿದ್ದ. ಮನೆಯ ಮುಂದೆ ನೀವು ನೆಟ್ಟ ಸ್ಮಾರಕದ ಫಲಕ ಕಂಡವರು ಕಾರು ನಿಲ್ಲಿಸುತ್ತಾರೆ, ಓದುತ್ತಾರೆ, ಆಮೇಲೆ ಗಾಜಿಗೆ ಮೂಗು ಒತ್ತಿ ಒಳಗೆ ಇಣುಕುತ್ತಾರೆ. ಒಬ್ಬಾಕೆ ತನ್ನ ಗಂಡನನ್ನು ಕರೆದು, "ಬೊಂಬೆ ಎಷ್ಟು ಚೆನ್ನಾಗಿ ಮಾಡಿದಾರೆ ನೋಡು ಬಾ, ಕಣ್ಣಂತೂ ನಿಜದ್ದೇ ಅನ್ಸತ್ತೆ," ಅಂದಳು. ಎಲ್ಡನ್ ಅಲುಗಾಡಲಿಲ್ಲ. ಆ ಸಂಜೆ ರೂಫಸ್‌ಗೆ ಇದನ್ನು ಹೇಳಿ ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಅದಾಗಿ ಒಂದು ವಾರಕ್ಕೆ ಎಲ್ಡನ್, ಪರದೆ ಹಾಕು ಅಂದ. ಪರದೆಯ ಬಣ್ಣಕ್ಕೂ ನಿಮ್ಮ ಅಪ್ಪಣೆ ಬೇಕೋ ಏನೋ, ಕೇಳದೆ ಹಾಕಿಬಿಟ್ಟಿದ್ದೇನೆ.

ಇನ್ನು ಆ ಚಾರಿತ್ರಿಕ ಬಾಗಿಲಿನ ಚರಿತ್ರೆ. ಈ ಮನೆ 'ರೈಲು ಬಂದ ದಿನದಿಂದಲೂ ಇದೇ ಸ್ಥಳದಲ್ಲಿ ನಿಂತಿದೆ' ಎಂದು ನಿಮ್ಮ ಫಲಕ ಎರಕದ ಅಕ್ಷರದಲ್ಲಿ ಸಾರುತ್ತದೆ. ನಿಜದಲ್ಲಿ ಇದು ಹಳ್ಳದ ಆಚೆ, ಕಾಲ್ವಿನ್ ಸೈಡಿಂಗ್ ಎಂಬ ರೈಲು ನಿಲ್ಲುವ ಕಡೆ ಇದ್ದ, ಹಳಿ ರಿಪೇರಿಯ ಗ್ಯಾಂಗಿನವರ ಮನೆ. ಕಂಪನಿ ಅದನ್ನು ಬೇಡವೆಂದು ಮಾರಿದಾಗ ಎಲ್ಡನ್‌ನ ಅಜ್ಜ ಕೊಂಡು, ಕೆಳಗೆ ಎರಡು ದಿಮ್ಮಿ ಕಟ್ಟಿ, ನೆರೆಯವರ ಕುದುರೆಗಳನ್ನೆಲ್ಲ ಹೂಡಿಸಿ, ಹೆಪ್ಪುಗಟ್ಟಿದ ಹಳ್ಳದ ಮೇಲೆ ಎಳೆದುಕೊಂಡು ಬಂದ. ಇಲ್ಲಿಗೆ ಮುಟ್ಟುವಾಗ ಕತ್ತಲು, ಗಾಳಿ, ಹಿಮ. ಬಿಟ್ಟರೆ ಸಾಕೆಂದು ಇಳಿಸಿ ಎಲ್ಲರೂ ಹೊರಟುಹೋದರು. ಬೆಳಿಗ್ಗೆ ಎದ್ದು ನೋಡಿದರೆ ಮುಂಬಾಗಿಲು ಕಂದಕಕ್ಕೆ, ಹಿಂಗೋಡೆ ರಸ್ತೆಗೆ. ಮತ್ತೆ ಕುದುರೆ ಕೊಡಿ ಎಂದು ಕೇಳುವ ಮುಖ ಅಜ್ಜನಿಗಿರಲಿಲ್ಲ. ಗರಗಸ ತಂದು ಹಿಂಗೋಡೆ ಕೊಯ್ದು, ಕಲ್ಲಿದ್ದಲಿನ ಕೊಟ್ಟಿಗೆಯ ಬಾಗಿಲು ಕಿತ್ತು ಅಲ್ಲಿ ಕೂಡಿಸಿದ. ನೀವು ಕಣ್ಣಿಗೆ ಒತ್ತಿಕೊಳ್ಳುತ್ತಿರುವ ಬಾಗಿಲು ಅದು, ಅಧ್ಯಕ್ಷರೇ. ಕಲ್ಲಿದ್ದಲಿನ ಬುಟ್ಟಿಗೆ ಎಷ್ಟು ಬೇಕೋ ಅಷ್ಟೇ ಅಗಲ.

ಇದು ಇಡೀ ಕೌಂಟಿಗೆ ಗೊತ್ತು. ಮೇವಿನ ಅಂಗಡಿಗೆ ಹೋದರೆ ಎಲ್ಡನ್‌ನ ಅಪ್ಪನನ್ನು, "ಏನಪ್ಪಾ, ಇವತ್ತು ಮುಂದ್ಗಡೆಯಿಂದ ಬಂದ್ಯೋ, ಹಿಂದ್ಗಡೆಯಿಂದ ಬಂದ್ಯೋ?" ಎಂದು ಕಾಡಿಸುತ್ತಿದ್ದರು. ಮದುವೆಯಾಗಿ ಬಂದ ದಿನದಿಂದ ಅದನ್ನೇ ಕೇಳಿಸಿಕೊಂಡ ನನ್ನ ಅತ್ತೆ, ನಿಮ್ಮ ಕಚೇರಿಯವರು ಬಂದು 'ಇದು ಮೊದಲಿನಿಂದ ಇಲ್ಲೇ ಇತ್ತಲ್ಲವೇ' ಎಂದಾಗ ಹೌದು ಅಂದಳು. ಮನೆಯಲ್ಲಿ ಏನನ್ನೂ ಬದಲಿಸುವುದಿಲ್ಲವೆಂಬ ಒಪ್ಪಂದಕ್ಕೆ ಸಹಿ ಹಾಕಿದಳು. ಫಲಕ ನೆಟ್ಟ ದಿನ ಊರಿಗೆಲ್ಲ ಆ್ಯಪಲ್ ಪೈ ಹಂಚಿದಳು. ಅವತ್ತಿನಿಂದ ಕಾಡಿಸುವುದು ನಿಂತಿತು. ಆಕೆಯನ್ನು ನಾನು ದೂರುವುದಿಲ್ಲ, ಆ ಒಂದು ದಿನದ ಸುಖ ಅವಳಿಗೆ ಸಲ್ಲಬೇಕಿತ್ತು.

ಇದನ್ನೆಲ್ಲ ನಿಮ್ಮ ಯುವಕನಿಗೆ ಹೇಳಿದೆ. "ದಾಖಲೆ ಇದೆಯಾ ಮೇಡಂ?" ಅಂದ. ದಿಮ್ಮಿಗಳು ಇನ್ನೂ ನೆಲದಡಿಯಲ್ಲೇ ಇವೆ, ತೆವಳಿಕೊಂಡು ಹೋಗಿ ನೋಡು ಅಂದೆ.

"ಹಾವು ಇರತ್ತಾ?"

"ಇರತ್ತೆ. ಅವಕ್ಕೆ ಬಾಗಿಲಿನ ತೊಂದರೆ ಇಲ್ಲ."

ಅವನು ಬಗ್ಗಲಿಲ್ಲ. ನಿಮ್ಮ ವರದಿಯಲ್ಲಿ ದಿಮ್ಮಿಗಳೂ ಇಲ್ಲ, ಎಲ್ಡನ್‌ನೂ ಇಲ್ಲ.

ನನಗೆ ನಿಜಕ್ಕೂ ನೋಯುತ್ತಿರುವುದು ಬೇರೆ. ಕರುಗಳಿಗೆ ಮುದ್ರೆ ಹಾಕುವ ದಿನ ನಮ್ಮ ಕಡೆ ನೆರೆಯವರೆಲ್ಲ ಸರದಿಯಂತೆ ಒಬ್ಬರ ರಾಂಚಿಗೆ ಒಬ್ಬರು ಬರುತ್ತಾರೆ, ನಿಮಗೆ ಗೊತ್ತಿರಬೇಕು. ಮೊದಲ ಕರುವಿಗೆ ಕಾದ ಕಬ್ಬಿಣ ಇಡುವವನು ರಾಂಚಿನ ಯಜಮಾನ. ಅವನು ಇಡುವ ತನಕ ಮಿಕ್ಕವರ ಹಗ್ಗ ಕುದುರೆಯ ಜೀನಿನಿಂದ ಇಳಿಯುವುದಿಲ್ಲ. ಹೋದ ಮೇ ತಿಂಗಳು ನಮ್ಮ ಸರದಿ ಬಂದಾಗ ಎಲ್ಲರೂ ದೊಡ್ಡಿಯಲ್ಲಿ ಕಾದರು. ರೂಫಸ್ ಒಳಗೆ ಬಂದು, "ಬಾರೋ, ಎತ್ಕೊಂಡು ಹೋಗ್ತೀನಿ. ನೀನೇನು ಭಾರ?" ಅಂದ.

"ಕರುಗಳನ್ನ ಕಾಲು ಹಿಡಿದು ಎಳ್ಕೊಂಡು ಬರೋ ದಿನ ನನ್ನನ್ನೂ ಹೊತ್ಕೊಂಡು ಬರ್ತೀಯೇನೋ? ಹೋಗು, ನೀನೇ ಹಾಕು," ಅಂದ ಎಲ್ಡನ್.

ರೂಫಸ್ ಹಾಕಿದ. ಸುಟ್ಟ ಕೂದಲಿನ ವಾಸನೆ ಮನೆಯೊಳಗೆ ಬಂತು. ಎಲ್ಡನ್ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತ. ಅವತ್ತಿನಿಂದ ಯಾರಿಗೂ ತನ್ನನ್ನು ಎತ್ತಲು ಬಿಟ್ಟಿಲ್ಲ. ವೈದ್ಯರ ಬಳಿಗೂ ಹೋಗುವುದಿಲ್ಲ, ಇಗರ್ಜಿಗೂ ಇಲ್ಲ. ಒಂದು ದಿನ ಊಟ ಮಾಡುತ್ತಾ, "ಓಪಲ್, ನನ್ನನ್ನ ಈ ಬಾಗಿಲಿಂದ ಹೊರಗೆ ಹಾಕಕ್ಕೆ ಒಂದೇ ದಾರಿ ಉಳಿದಿರೋದು. ಹೆಣದ ಪೆಟ್ಟಿಗೆ ಸಪೂರ ಇರತ್ತೆ," ಅಂದ. ತಮಾಷೆಗೇ ಅಂದಿದ್ದು. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಸ್ಮಾರಕವೆಂದರೆ ಒಂದು ಚೂರೂ ಕೆಡದೆ ಇರಬೇಕು ಎನ್ನುತ್ತೀರಿ. ಒಪ್ಪೋಣ. ನಿಮ್ಮ ಆಯೋಗ ಕೂರುವ ನ್ಯಾಯಾಲಯದ ಕಟ್ಟಡಕ್ಕೂ ಇಂಥದೇ ಫಲಕವಿದೆ. ಅದರ ಕಲ್ಲಿನ ಮೆಟ್ಟಿಲ ಪಕ್ಕದಲ್ಲಿ ಒಳ್ಳೆಯ ಸಿಮೆಂಟಿನ ಇಳಿಜಾರು ನೋಡಿದೆ. ಬಾಗಿಲೂ ಅಗಲವಾಗಿದೆ. ರಸ್ತೆಯಿಂದ ಎರಡೂ ಚೆನ್ನಾಗಿ ಕಾಣುತ್ತವೆ. ಅಲ್ಲಿ ಇತಿಹಾಸಕ್ಕೆ ನೋವಾಗಲಿಲ್ಲವೇ? ಅಥವಾ ಇತಿಹಾಸಕ್ಕೆ ನೋವಾಗುವುದು ಊರ ಹೊರಗೆ ಮಾತ್ರವೇ?

ನಮ್ಮ ಬೇಡಿಕೆ ಒಂದೇ. ಬರುವ ಶನಿವಾರ ಮತ್ತೆ ನಮ್ಮ ಸರದಿ. ನಿಮ್ಮ ಅನುಮತಿ ಶುಕ್ರವಾರದೊಳಗೆ ಕೈ ಸೇರಬೇಕು. ಈ ಸಲ ತಾನು ಕಬ್ಬಿಣ ಮುಟ್ಟುವುದಿಲ್ಲ ಎಂದು ರೂಫಸ್ ಹೇಳಿಬಿಟ್ಟಿದ್ದಾನೆ, ಎಲ್ಡನ್ ಹೊರಗೆ ಬರುವ ತನಕ ಎಲ್ಲರೂ ಕಾಯುತ್ತಾರಂತೆ. ಅಜ್ಜ ಆ ಗೋಡೆ ಕೊಯ್ದ ಗರಗಸ ಇನ್ನೂ ನಮ್ಮ ಕೊಟ್ಟಿಗೆಯಲ್ಲಿದೆ. ಬಾಗಿಲಿಗಿಂತ ಅದೇ ಹಳೆಯದು, ನಿಮ್ಮ ಲೆಕ್ಕದಲ್ಲಿ ಹೆಚ್ಚು ಚಾರಿತ್ರಿಕ. ನಿನ್ನೆ ಅದಕ್ಕೆ ಎಣ್ಣೆ ಹಚ್ಚಿದೆ. ಎಲ್ಡನ್ ಪಕ್ಕದಲ್ಲೇ ಇದ್ದ. ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡ.

ಆಮೇಲೆ ಒಪ್ಪಂದ ಮುರಿದರೆಂದು ನಮ್ಮ ಮೇಲೆ ಮೊಕದ್ದಮೆ ಹೂಡುವುದಾದರೆ ಅವಶ್ಯವಾಗಿ ಹೂಡಿ. ನಿಮ್ಮ ನ್ಯಾಯಾಲಯದೊಳಕ್ಕೆ ಎಲ್ಡನ್ ಮುಂಬಾಗಿಲಿನಿಂದಲೇ, ಯಾರ ಹೆಗಲೂ ಇಲ್ಲದೆ ಬರುತ್ತಾನೆ.

ಇಂತಿ,
ನಿಮ್ಮ ಫಲಕದ ಹಿಂದೆ ಇನ್ನೂ ಉಸಿರಾಡುತ್ತಿರುವ ಇಬ್ಬರ ಪರವಾಗಿ,
ಓಪಲ್ ಟೋರ್ಗರ್ಸನ್
(ಹಿಂದುಮುಂದಾದ ಮನೆ, ಹಳಿಯ ಪಕ್ಕ)